ತಾತನ 3 ಎಕರೆ, ಅತ್ತೆಯ 20/30 ಸೈಟು

ಈ ಸಂಚಿಕೆ ಶುರು ಮಾಡೋಕೆ ಮುಂಚೆ ಒಂದು ಮಾತು ಹೇಳಿಬಿಡ್ತೀನಿ. ನಾನು ವಕೀಲ ಅಲ್ಲ, ಮೌಲ್ವಿ ಅಲ್ಲ, ಇತಿಹಾಸದ ಪ್ರೊಫೆಸರೂ ಅಲ್ಲ. ಬಿ.ಕಾಂ. ಓದಿದವನು. ಲೆಕ್ಕ ಬರುತ್ತೆ, ಅಷ್ಟೆ. ಇವತ್ತಿನ ಕತೆ ಶುರುವಾಗಿದ್ದೂ ಒಂದು ಲೆಕ್ಕದಿಂದಲೇ.

ಗುಂಡ್ಲುಪೇಟೆ ಹತ್ತಿರ ನಮ್ಮ ತಾತನಿಗೆ 3 ಎಕರೆ ಜಮೀನಿದೆ. ಪಿತ್ರಾರ್ಜಿತ ಅಲ್ಲ, ಅವರೇ ಕೊಂಡಿದ್ದು. ಕಳೆದ ಆಗಸ್ಟಿನಲ್ಲಿ ಊರಿಗೆ ಹೋಗಿದ್ದೆ. ಚೆಂಡುಹೂವಿನ ಕಾಲ. ಕೇರಳದಿಂದ ಬಂದವರು ರಸ್ತೆ ಪಕ್ಕ ಕಾರು ನಿಲ್ಲಿಸಿ, ಯಾರದೋ ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಳ್ತಿದ್ದರು. ಜಗಲಿ ಮೇಲೆ ಕೂತಿದ್ದ ತಾತ ಇದ್ದಕ್ಕಿದ್ದಂತೆ ಕೇಳಿದರು:

"ನೀನು ಲೆಕ್ಕಪತ್ರ ಓದಿದವನಲ್ವ? ನಾನು ಹೋದ ಮ್ಯಾಲ ಈ ಜಮೀನು ಯಾರ್ಯಾರಿಗ ಎಷ್ಟೆಷ್ಟು ಬತ್ತದ, ಹೇಳು ನೋಡವ."

ತಾತನಿಗೆ ಮೂರು ಮಕ್ಕಳು. ನಮ್ಮಪ್ಪ, ಚಿಕ್ಕಪ್ಪ, ಅತ್ತೆ. ಅಜ್ಜಿ ತೀರಿಕೊಂಡು ಬಹಳ ವರ್ಷ ಆಯಿತು. ಅತ್ತೆ 1999ರಲ್ಲಿ ಮುಸ್ಲಿಂ ಹುಡುಗನನ್ನ ಮದುವೆಯಾದರು. ಮಾವ ಆಗ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ತರಕಾರಿ ಲಾರಿ ಓಡಿಸ್ತಿದ್ದರು. ಅತ್ತೆ ಇಸ್ಲಾಂ ಸ್ವೀಕರಿಸಿದರು, ನಿಕಾಹ್ ಆಯಿತು, ಚಾಮರಾಜನಗರದಲ್ಲಿ ಮನೆ ಮಾಡಿದರು. ನಾಲ್ಕೈದು ವರ್ಷ ನಮ್ಮ ಮನೆಯಲ್ಲಿ ಅವರ ಹೆಸರು ಎತ್ತುವ ಹಾಗಿರಲಿಲ್ಲ. ಆಮೇಲೆ ತಾತನೇ ಒಂದು ದಿನ ಬಸ್ಸು ಹತ್ತಿ ಹೋಗಿ ಮೊಮ್ಮಗಳನ್ನ ಎತ್ತಿಕೊಂಡು ಬಂದರು. ಅಲ್ಲಿಗೆ ಜಗಳ ಮುಗೀತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಅತ್ತೆ ಹೋಗಿಬಿಟ್ಟರು. ಮಗಳು, ಮಗ ಇಬ್ಬರೂ ಇದ್ದಾರೆ.

ನಾನು ತಾತನಿಗೆ ಥಟ್ಟಂತ ಹೇಳಿದೆ: "ಮೂರು ಮಕ್ಕಳು, ಮೂರು ಎಕರೆ. ಅಪ್ಪನಿಗೆ ಒಂದು, ಚಿಕ್ಕಪ್ಪನಿಗೆ ಒಂದು, ಅತ್ತೆಯ ಪಾಲಿನ ಒಂದು ಎಕರೆ ಅವರ ಮಕ್ಕಳಿಗೆ."

ತಪ್ಪು ಹೇಳಿದ್ದೆ. ಎಷ್ಟು ತಪ್ಪು ಅಂತ ಗೊತ್ತಾಗೋಕೆ ನಾನು ಏಳನೇ ಶತಮಾನದ ಮಕ್ಕಾದಿಂದ 1956ರ ದೆಹಲಿವರೆಗೆ ಓದಬೇಕಾಯಿತು.

ಮಕ್ಕಾದ ಒಂದು ಮನೆ

ಇಸ್ಲಾಮಿನ ವಾರಸಾ ಕಾನೂನು ಲೆಕ್ಕ ಬಲ್ಲವರಿಗೆ ಹಬ್ಬ ಇದ್ದ ಹಾಗೆ. ಅರ್ಧ, ಕಾಲು, ಎಂಟನೇ ಒಂದು, ಮೂರರಲ್ಲಿ ಎರಡು, ಮೂರರಲ್ಲಿ ಒಂದು, ಆರರಲ್ಲಿ ಒಂದು. ಯಾರಿಗೆ ಎಷ್ಟು ಅಂತ ಕುರಾನಿನಲ್ಲೇ ಭಿನ್ನರಾಶಿಗಳಿವೆ. ಹೆಣ್ಣುಮಕ್ಕಳಿಗೆ ಗೊತ್ತುಪಡಿಸಿದ ಪಾಲು ಅಂತ ಆ ಕಾಲದಲ್ಲೇ ಬರೆದಿಟ್ಟಿದ್ದು ಸಣ್ಣ ವಿಷಯ ಅಲ್ಲ. ಆದರೆ ಪಾಲು ಹಂಚೋಕೆ ಮುಂಚೆ ಇನ್ನೊಂದು ಪ್ರಶ್ನೆ ಕೇಳ್ತಾರೆ: ಯಾರು ಪಂಕ್ತಿಯಲ್ಲೇ ಕೂರುವ ಹಾಗಿಲ್ಲ? ಸತ್ತವನನ್ನ ಕೊಂದವನು ಕೂರುವ ಹಾಗಿಲ್ಲ. ಧರ್ಮ ಬೇರೆಯಾದವರೂ ಕೂರುವ ಹಾಗಿಲ್ಲ.

ಈ ಎರಡನೇ ನಿಯಮ ಕುರಾನಿನಲ್ಲಿ ನೇರವಾಗಿ ಇಲ್ಲ, ಹದೀಸಿನಲ್ಲಿ ಇದೆ. ಮುಸ್ಲಿಮೇತರನ ಆಸ್ತಿಗೆ ಮುಸ್ಲಿಂ ವಾರಸುದಾರನಲ್ಲ, ಮುಸ್ಲಿಮನ ಆಸ್ತಿಗೆ ಮುಸ್ಲಿಮೇತರ ವಾರಸುದಾರನಲ್ಲ ಎಂಬುದು ಅದರ ಸಾರ. ಇದನ್ನ ವರದಿ ಮಾಡಿದವರು ಪ್ರವಾದಿಯವರ ಆಪ್ತ ಸಂಗಾತಿ ಉಸಾಮಾ ಬಿನ್ ಝೈದ್.

ಇದೇ ಉಸಾಮಾ ಹೆಸರಿನಲ್ಲಿ ಇನ್ನೊಂದು ಪ್ರಸಂಗ ಬರುತ್ತೆ. ಪ್ರವಾದಿಯವರನ್ನ ಸಾಕಿದ ದೊಡ್ಡಪ್ಪ ಅಬೂ ತಾಲಿಬ್. ಅವರಿಗೆ ನಾಲ್ಕು ಗಂಡುಮಕ್ಕಳು: ತಾಲಿಬ್, ಅಕೀಲ್, ಜಾಫರ್, ಅಲಿ. ಅಬೂ ತಾಲಿಬ್ ತೀರಿಕೊಂಡಾಗ ಜಾಫರ್ ಮತ್ತು ಅಲಿ ಮುಸ್ಲಿಮರಾಗಿದ್ದರು, ತಾಲಿಬ್ ಮತ್ತು ಅಕೀಲ್ ಆಗಿರಲಿಲ್ಲ. ಅಪ್ಪನ ಆಸ್ತಿ ಪೂರ್ತಿ ಹೋಗಿದ್ದು ತಾಲಿಬ್‌ಗೆ, ಅಕೀಲ್‌ಗೆ. ವರ್ಷಗಳ ನಂತರ ಪ್ರವಾದಿ ಮಕ್ಕಾಗೆ ಮರಳಿದಾಗ ಉಸಾಮಾ ಕೇಳ್ತಾರೆ, ನಿಮ್ಮ ಮನೆಯಲ್ಲೇ ಇಳ್ಕೊಳ್ತೀರಾ ಅಂತ. ಅಕೀಲ್ ನಮಗೆ ಮನೆ ಅಂತ ಏನಾದರೂ ಉಳಿಸಿದ್ದಾನಾ ಅನ್ನೋ ಅರ್ಥದ ಉತ್ತರ ಬರುತ್ತೆ. ಅಕೀಲ್ ಮಾರಿಬಿಟ್ಟಿದ್ದ.

ಈ ಪ್ರಸಂಗ ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಯಾಕೆ ಅಂದರೆ, ಈ ನಿಯಮವನ್ನ ಮುಸ್ಲಿಮರು ಬೇರೆಯವರ ಮೇಲೆ ಹೇರಿದ ಬೇಲಿ ಅಂತ ನಾನು ಅಂದುಕೊಂಡಿದ್ದೆ. ಆದರೆ ಈ ಪ್ರಸಂಗದಲ್ಲಿ ಬೇಲಿಯಿಂದ ಹೊರಗೆ ಉಳಿದವರು ಮುಸ್ಲಿಮರಾದ ಮಕ್ಕಳು. ಪ್ರವಾದಿಯವರ ಅಳಿಯನಾಗಲಿದ್ದ ಅಲಿಗೇ ಅಪ್ಪನ ಮನೆ ಸಿಗಲಿಲ್ಲ.

ಆ ಕಾಲದ ಸನ್ನಿವೇಶವನ್ನೂ ನೆನಪಿಡಬೇಕು. ಮಕ್ಕಾ ಬಿಟ್ಟು ಮದೀನಾಗೆ ಹೋದವರು ಮನೆಮಠ, ಕುಲ ಎಲ್ಲ ಬಿಟ್ಟು ಹೋದವರು. ಮೊದಮೊದಲು ವಲಸೆ ಬಂದವರಿಗೂ ಮದೀನಾದವರಿಗೂ ಅಣ್ಣತಮ್ಮಂದಿರ ಸಂಬಂಧ ಕಟ್ಟಿ, ಅವರ ನಡುವೆಯೇ ವಾರಸಾ ಹಕ್ಕು ನಡೆಯುತ್ತಿತ್ತು. ರಕ್ತಸಂಬಂಧಿಗಳಿಗೇ ಹಕ್ಕು ಹೆಚ್ಚು ಅಂತ ಕುರಾನ್ ಹೇಳಿದ ಮೇಲೆ ಅದು ನಿಂತಿತು. ಎರಡು ಕಡೆ ಯುದ್ಧ ನಡೀತಿದ್ದ ಕಾಲದಲ್ಲಿ ಆಸ್ತಿ ಅನ್ನೋದು ಬರೀ ಆಸ್ತಿ ಅಲ್ಲ, ಯಾರು ಯಾರ ಪಕ್ಷ ಅನ್ನೋದರ ಗುರುತು.

ಒಪ್ಪದವರೂ ಇದ್ದರು

ಹಾಗಂತ ಎಲ್ಲರೂ ಒಂದೇ ದನಿಯಲ್ಲಿ ಹೂಂ ಅಂದರು ಅಂತಲ್ಲ. ಪ್ರವಾದಿಯವರ ಸಂಗಾತಿ ಮುಆಝ್ ಬಿನ್ ಜಬಲ್, ಆಮೇಲೆ ಖಲೀಫನಾದ ಮುಆವಿಯಾ ಇವರ ಹೆಸರಿನಲ್ಲಿ ಬೇರೆ ಅಭಿಪ್ರಾಯ ಇದೆ: ಮುಸ್ಲಿಮೇತರ ಅಪ್ಪನ ಆಸ್ತಿ ಮುಸ್ಲಿಂ ಮಗನಿಗೆ ಬರಬಹುದು, ಆದರೆ ತಿರುಗಾ ಮುರುಗಾ ಇಲ್ಲ. ಇಸ್ಲಾಮಿಗೆ ಬಂದವನಿಗೆ ಅದರಿಂದ ನಷ್ಟ ಆಗಬಾರದು ಅನ್ನೋದು ಅವರ ವಾದ. ಶಿಯಾ ಪಂಥದ ಕಾನೂನು ಇದೇ ದಾರಿ ಹಿಡಿಯಿತು. ಸುನ್ನಿಗಳ ನಾಲ್ಕು ಪಂಥಗಳು ಎರಡೂ ಕಡೆ ಬಾಗಿಲು ಮುಚ್ಚಿದವು. 14ನೇ ಶತಮಾನದಲ್ಲಿ ಇಬ್ನ್ ತೈಮಿಯ್ಯಾ ಮತ್ತೆ ಮುಆಝ್ ಕಡೆಗೇ ವಾಲಿದರು. ನಮ್ಮ ಕಾಲದಲ್ಲಿ ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿಯೂ ಇದನ್ನೇ ಒಪ್ಪಿತು. ಅಲ್ಲಿ ಹೊಸದಾಗಿ ಮುಸ್ಲಿಮರಾದವರ ಅಪ್ಪ ಅಮ್ಮ ಇನ್ನೂ ಕ್ರೈಸ್ತರಾಗಿರ್ತಾರಲ್ಲ, ಪ್ರಶ್ನೆ ದಿನವೂ ಬಾಗಿಲು ತಟ್ಟುತ್ತೆ.

ನಮ್ಮ ಕತೆಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಬಾಗಿಲು ಮುಚ್ಚೋದು ಸಾವಿನ ಕ್ಷಣದಲ್ಲಿ. ಬದುಕಿರುವಾಗ ಕೊಡೋದಕ್ಕೆ ಅಡ್ಡಿ ಇಲ್ಲ. ಹಿಬಾ, ಅಂದರೆ ದಾನ, ಯಾವ ಧರ್ಮದವರಿಗೂ ಕೊಡಬಹುದು, ಎಷ್ಟು ಬೇಕಾದರೂ ಕೊಡಬಹುದು. ವಸಿಯ್ಯತ್, ಅಂದರೆ ಉಯಿಲು, ಆಸ್ತಿಯ ಮೂರನೇ ಒಂದು ಭಾಗದವರೆಗೆ ಬರೆಯಬಹುದು. ಅದೂ ವಾರಸುದಾರರಲ್ಲದವರಿಗೆ. ಧರ್ಮ ಬೇರೆಯಾದ ಅಣ್ಣ, ಅಮ್ಮ, ಮಗಳು ವಾರಸುದಾರರ ಪಟ್ಟಿಯಿಂದ ಹೊರಗಿರುವುದರಿಂದಲೇ ಅವರ ಹೆಸರಿಗೆ ಉಯಿಲು ಬರೆಯಲು ದಾರಿ ತೆರೆಯುತ್ತೆ. ಪ್ರವಾದಿಯವರ ಪತ್ನಿ ಸಫಿಯ್ಯಾ ಹುಟ್ಟಿನಿಂದ ಯಹೂದಿ ಮನೆತನದವರು. ಯಹೂದಿಯಾಗಿಯೇ ಉಳಿದಿದ್ದ ತಮ್ಮ ಹತ್ತಿರದ ಸಂಬಂಧಿಗೆ ಅವರು ಉಯಿಲು ಬರೆದರು ಅನ್ನೋ ವರದಿ ಹಳೆಯ ಸಂಗ್ರಹಗಳಲ್ಲಿದೆ.

ಇಂಡೊನೇಷ್ಯಾದ ಸುಪ್ರೀಂ ಕೋರ್ಟು ಇದೇ ಉಯಿಲಿನ ದಾರಿಯನ್ನ ಇನ್ನೂ ಅಗಲ ಮಾಡಿತು. 1990ರ ದಶಕದಿಂದ ಬಂದ ತೀರ್ಪುಗಳಲ್ಲಿ, ಮುಸ್ಲಿಮೇತರ ಮಗಳಿಗೋ ಹೆಂಡತಿಗೋ ವಾರಸುದಾರಳು ಅಂತ ಪಾಲು ಕೊಡದೆ, ಸತ್ತವರು ಉಯಿಲು ಬರೆದಿದ್ದಾರೆ ಅಂತಲೇ ಭಾವಿಸಿಕೊಂಡು ಪಾಲು ಕೊಟ್ಟಿತು. ಹಳೆ ನಿಯಮ ಹಾಗೇ ಇದೆ, ಮಗಳ ಕೈಯೂ ಬರಿದಾಗಲಿಲ್ಲ. ಒಳ್ಳೆ ಆಡಿಟರ್ ಕೆಲಸ ಅಲ್ವಾ?

ಕೊಳ್ಳೇಗಾಲದ ಕಾನೂನು, ಗುಂಡ್ಲುಪೇಟೆಯ ಕಾನೂನು

ಈಗ ನಮ್ಮೂರಿಗೆ ಬರೋಣ. ಇವತ್ತು ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಎಲ್ಲ ಒಂದೇ ಜಿಲ್ಲೆ. 1997ರಲ್ಲಿ ಮೈಸೂರಿನಿಂದ ಬೇರೆಯಾದ ಜಿಲ್ಲೆ. ಆದರೆ 1799ರಲ್ಲಿ ಟಿಪ್ಪು ಸತ್ತ ಮೇಲೆ ರಾಜ್ಯ ಹಂಚಿಕೆ ಆಯಿತಲ್ಲ, ಆಗ ಕೊಳ್ಳೇಗಾಲ ಕಂಪನಿಯ ಕಡೆಗೆ ಹೋಯಿತು. ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಗುಂಡ್ಲುಪೇಟೆಯೂ ಅರಿಕುಠಾರವೂ ಮೈಸೂರು ಒಡೆಯರ ಕಡೆ ಉಳಿದವು. ಅರಿಕುಠಾರ ಅಂದರೆ ಚಾಮರಾಜನಗರವೇ. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ, ಅಲ್ಲೇ ಹುಟ್ಟಿದ್ದ ತಮ್ಮ ತಂದೆಯ ಹೆಸರನ್ನ ಊರಿಗೆ ಇಟ್ಟರು.

ಹಿಂದೂ ಶಾಸ್ತ್ರದ ಪ್ರಕಾರವೂ ಧರ್ಮ ಬಿಟ್ಟವನಿಗೆ, ಜಾತಿಯಿಂದ ಹೊರಗೆ ಹಾಕಿಸಿಕೊಂಡವನಿಗೆ ಆಸ್ತಿಯಲ್ಲಿ ಪಾಲಿರಲಿಲ್ಲ. ಅಂದರೆ ಬೇಲಿಗೆ ಎರಡೂ ಕಡೆ ಮುಳ್ಳು. 1850ರಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, ಕಂಪನಿ ಸರ್ಕಾರ ಒಂದು ಚಿಕ್ಕ ಕಾಯಿದೆ ತಂದಿತು. ಜಾತಿ ಅನರ್ಹತೆಗಳ ನಿವಾರಣಾ ಕಾಯಿದೆ. ಧರ್ಮ ಬಿಟ್ಟ ಕಾರಣಕ್ಕೆ, ಜಾತಿಯಿಂದ ಹೊರಬಿದ್ದ ಕಾರಣಕ್ಕೆ ಯಾರ ವಾರಸಾ ಹಕ್ಕೂ ಹೋಗುವುದಿಲ್ಲ ಅನ್ನೋದು ಅದರ ತಿರುಳು. ಹಿಂದೂ ಧರ್ಮ ಬಿಟ್ಟವರಿಗೂ ಅನ್ವಯ, ಇಸ್ಲಾಂ ಬಿಟ್ಟವರಿಗೂ ಅನ್ವಯ. ಮಿಷನರಿಗಳು ಸ್ವಾಗತಿಸಿದರು. ಬಂಗಾಳ, ಮದ್ರಾಸಿನ ಹಿಂದೂಗಳು ಮನವಿ ಮೇಲೆ ಮನವಿ ಬರೆದು ವಿರೋಧಿಸಿದರು.

ಇದು ಕಂಪನಿಯ ಸೀಮೆಯ ಕಾನೂನು. ಕೊಳ್ಳೇಗಾಲಕ್ಕೆ ಅನ್ವಯ ಆಗುತ್ತೆ. ಗುಂಡ್ಲುಪೇಟೆ? ಮೈಸೂರು ಬ್ರಿಟಿಷ್ ಇಂಡಿಯಾದ ಹೊರಗಿನ ಸಂಸ್ಥಾನ. ಅಲ್ಲಿನ ಕಾನೂನು ಇಲ್ಲಿ ತಾನಾಗಿ ಜಾರಿಗೆ ಬರುತ್ತಿರಲಿಲ್ಲ. ಮತಾಂತರ ಆದವರ ಹಕ್ಕಿನ ಪ್ರಶ್ನೆ ಮೈಸೂರಿನಲ್ಲಿ 20ನೇ ಶತಮಾನದವರೆಗೂ ಎಳೆದಾಡಿತು. ಯೋಚನೆ ಮಾಡಿ: ಎರಡೂ ಕಡೆ ಅದೇ ಮಹದೇಶ್ವರನ ಒಕ್ಕಲು, ಅದೇ ರಾಗಿ, ಅದೇ ಮಾತು. ಆದರೆ ಒಂದು ಕಡೆ ಧರ್ಮ ಬದಲಾಯಿಸಿದ ಮಗ ಕೋರ್ಟಿಗೆ ಹೋಗಿ ಅಪ್ಪನ ಪಾಲು ಕೇಳಬಹುದಿತ್ತು. ಇನ್ನೊಂದು ಕಡೆ ಅದೇ ಮಗ ಆ ಕಾಯಿದೆಯ ಹೆಸರು ಹೇಳುವ ಹಾಗಿರಲಿಲ್ಲ.

1850ರ ಕಾಯಿದೆಯಲ್ಲೂ ಒಂದು ತೂತಿತ್ತು. ಅದು ಉಳಿಸಿದ್ದು ಧರ್ಮ ಬಿಟ್ಟ ವ್ಯಕ್ತಿಯನ್ನ ಮಾತ್ರ. ಅವರ ಮಕ್ಕಳ ಗತಿ? ಮಿತ್ತರ್ ಸೇನ್ ಸಿಂಗ್ ಪ್ರಕರಣದಲ್ಲಿ, 1930ರಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನ ತೀರ್ಮಾನ ಮಾಡಿತು. ಕಾಯಿದೆಯ ರಕ್ಷಣೆ ಧರ್ಮ ಬದಲಿಸಿದ ತಲೆಗೆ ಮಾತ್ರ, ಮುಂದಿನ ತಲೆಮಾರಿಗೆ ಹೊಸ ಧರ್ಮದ ಕಾನೂನೇ ಅಂತ.

1956

ಈ ವರ್ಷವನ್ನ ನಮ್ಮ ಜಿಲ್ಲೆಯವರು ಎರಡು ಕಾರಣಕ್ಕೆ ನೆನಪಿಡಬೇಕು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗಿ, ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತು. 157 ವರ್ಷದ ಗಡಿ ಅಳಿಸಿಹೋಯಿತು. ಅದಕ್ಕೆ ನಾಲ್ಕೂವರೆ ತಿಂಗಳ ಮುಂಚೆ, ಜೂನ್ 17ರಂದು, ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತ್ತು.

ಆ ಕಾಯಿದೆಯ 26ನೇ ಕಲಂ ಹೀಗೆ ಹೇಳುತ್ತೆ, ನನ್ನ ಮಾತಿನಲ್ಲಿ: ಹಿಂದೂ ಒಬ್ಬರು ಬೇರೆ ಧರ್ಮಕ್ಕೆ ಮತಾಂತರ ಆದರೆ, ಆ ಮೇಲೆ ಅವರಿಗೆ ಹುಟ್ಟಿದ ಮಕ್ಕಳು ತಮ್ಮ ಹಿಂದೂ ಸಂಬಂಧಿಕರ ಆಸ್ತಿಗೆ ವಾರಸುದಾರರಲ್ಲ. ಆಸ್ತಿ ಹಂಚಿಕೆಯ ಹಕ್ಕು ತೆರೆದುಕೊಳ್ಳುವ ಹೊತ್ತಿಗೆ ಅವರು ಹಿಂದೂಗಳಾಗಿದ್ದರೆ ಮಾತ್ರ ವಿನಾಯಿತಿ. ಮತಾಂತರ ಆದವರ ಬಗ್ಗೆಯೇ ಅದು ಮಾತಾಡುವುದಿಲ್ಲ. ಹಾಗಾಗಿ ಅವರ ಹಕ್ಕು ಹೋಗುವುದಿಲ್ಲ. ಹಿಂದೂ ಅಪ್ಪನ ಆಸ್ತಿಯಲ್ಲಿ ಇಸ್ಲಾಂ ಸ್ವೀಕರಿಸಿದ ಮಗಳಿಗೆ ಪಾಲಿದೆ ಅಂತ ಗುಜರಾತ್ ಹೈಕೋರ್ಟ್ 2017ರಲ್ಲಿ ಹೇಳಿದ್ದು ಇದೇ ಲೆಕ್ಕದಲ್ಲಿ.

ನಮ್ಮನೆ ಲೆಕ್ಕಕ್ಕೆ ಬನ್ನಿ. ಅತ್ತೆ ಬದುಕಿದ್ದರೆ, ತಾತನ ನಂತರ ಅವರಿಗೆ ಒಂದು ಎಕರೆ ಬರ್ತಿತ್ತು. ಅವರು ಅಪ್ಪನಿಗಿಂತ ಮುಂಚೆ ಹೋಗಿಬಿಟ್ಟರು. ಮಕ್ಕಳು ಹುಟ್ಟಿದ್ದು ಮತಾಂತರದ ನಂತರ. ಆದ್ದರಿಂದ ಅವರಿಗೆ ಸೊನ್ನೆ. ಆ ಒಂದು ಎಕರೆ ನಮ್ಮಪ್ಪನಿಗೆ 20 ಗುಂಟೆ, ಚಿಕ್ಕಪ್ಪನಿಗೆ 20 ಗುಂಟೆ ಅಂತ ಹಂಚಿಹೋಗುತ್ತೆ.

ಇನ್ನೊಂದು ಲೆಕ್ಕವೂ ಇದೆ, ಅದನ್ನ ನಮ್ಮ ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಅತ್ತೆ ಹೊಲಿಗೆ ಹಾಕಿ ದುಡಿದು ಚಾಮರಾಜನಗರದಲ್ಲಿ ಒಂದು 20/30 ಸೈಟು ತಗೊಂಡಿದ್ದರು. ಅಂದರೆ 600 ಚದರ ಅಡಿ. ಮುಸ್ಲಿಂ ಕಾನೂನಿನ ಪ್ರಕಾರ ಮಕ್ಕಳಿರುವ ಹೆಂಗಸು ತೀರಿಕೊಂಡರೆ ಗಂಡನಿಗೆ ಕಾಲು ಭಾಗ, 150 ಅಡಿ. ಅವಳ ತಂದೆಗೆ ಆರರಲ್ಲಿ ಒಂದು, 100 ಅಡಿ. ಉಳಿದದ್ದು ಮಕ್ಕಳಿಗೆ, ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಆದರೆ ತಾತ ಹಿಂದೂ. ಅವರ 100 ಅಡಿ ಇಲ್ಲ. ಉಸಾಮಾ ವರದಿ ಮಾಡಿದ ನಿಯಮ 1,400 ವರ್ಷ ದಾಟಿ ಬಂದು ಚಾಮರಾಜನಗರದ ಒಂದು ಬಡಾವಣೆಯಲ್ಲಿ 100 ಚದರ ಅಡಿ ಜಾಗಕ್ಕೆ ಗೆರೆ ಎಳೆಯಿತು. ದೆಹಲಿಯಲ್ಲಿ ಬರೆದ 26ನೇ ಕಲಂ ಗುಂಡ್ಲುಪೇಟೆಯ ಒಂದು ಎಕರೆಗೆ ಗೆರೆ ಎಳೆಯಿತು. ಮಗಳ ಸೈಟು ಅಪ್ಪನಿಗಿಲ್ಲ, ತಾತನ ಜಮೀನು ಮೊಮ್ಮಕ್ಕಳಿಗಿಲ್ಲ. ಒಂದೇ ಮಾತನ್ನ ಎರಡು ಕಾನೂನು ಎರಡು ಕಡೆಯಿಂದ ಹೇಳಿದ ಹಾಗೆ.

ಕೋರ್ಟುಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಕೇರಳದ ಒಂದು ಪ್ರಕರಣ, ಮಹಮ್ಮದ್ ಸಲೀಂ ಮತ್ತು ಶಂಸುದ್ದೀನ್ ನಡುವಿನದು, ಜನವರಿ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಮುಸ್ಲಿಂ ಗಂಡ, ಹಿಂದೂ ಹೆಂಡತಿ. ಅಂಥ ಮದುವೆ ಕ್ರಮಬದ್ಧ ಅಲ್ಲ, ಆದರೆ ಶೂನ್ಯವೂ ಅಲ್ಲ; ಹೆಂಡತಿಗೆ ಮೆಹರ್ ಬಿಟ್ಟು ವಾರಸಾ ಹಕ್ಕಿಲ್ಲ; ಆದರೆ ಮಗ ಸಕ್ರಮ ಸಂತಾನ, ಅಪ್ಪನ ಆಸ್ತಿಯಲ್ಲಿ ಅವನಿಗೆ ಪಾಲಿದೆ ಅಂತ ತೀರ್ಪು. ಮಗ ಒಳಗೆ ಬಂದ, ತಾಯಿ ಹೊಸ್ತಿಲ ಹೊರಗೇ ಉಳಿದಳು.

ಜಗಲಿ ಮೇಲೆ

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ನನಗೆ ನಿದ್ದೆ ಬರಲಿಲ್ಲ, ನಿಜ ಹೇಳ್ತೀನಿ. ಯಾಕೆ ಅಂದರೆ ತಾತನಿಗೆ ನಾನು ಮೊದಲೇ ಒಂದು ಉತ್ತರ ಕೊಟ್ಟಾಗಿತ್ತು. ಅವರು ಅದನ್ನ ನಂಬಿ ನೆಮ್ಮದಿಯಾಗಿದ್ದರು. ನಾನು ಸುಮ್ಮನಿದ್ದರೆ ಯಾರೂ ಮೋಸ ಮಾಡಿದ ಹಾಗಲ್ಲ. ಯಾವ ಕಾಗದಕ್ಕೂ ಸುಳ್ಳು ಸಹಿ ಬೇಕಿಲ್ಲ. ತಾತ ಹೋದ ಮೇಲೆ ಕಾನೂನು ತಾನೇ ಕೆಲಸ ಮಾಡುತ್ತೆ. ನನ್ನ ಮೌನದ ಬೆಲೆ ನಮ್ಮ ಮನೆಗೆ 20 ಗುಂಟೆ. ನಾನು ಒಬ್ಬನೇ ಮಗ, ಆ 20 ಗುಂಟೆ ಕೊನೆಗೆ ಬಂದು ಸೇರೋದು ನನ್ನ ಹೆಸರಿಗೇ.

ದಸರಾ ರಜೆಗೆ ಮತ್ತೆ ಊರಿಗೆ ಹೋದೆ. ತಾತನಿಗೆ ಮೊದಲು ಮಕ್ಕಾದ ಮನೆಯ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು:

"ಆ ಅಕೀಲ ಮನ ವಾಪಸ್ ಕೊಟ್ನಾ?"

"ಇಲ್ಲ ತಾತ, ಅಷ್ಟರಲ್ಲಿ ಮಾರಿಬಿಟ್ಟಿದ್ದ."

ಆಮೇಲೆ ನಮ್ಮ ಲೆಕ್ಕ ಹೇಳಿದೆ. 26ನೇ ಕಲಂ, ಒಂದು ಎಕರೆ, 20 ಗುಂಟೆ. 100 ಅಡಿ ಸೈಟಿನ ವಿಷಯವನ್ನೂ ಹೇಳಿದೆ. ಸೈಟಿನ ಮಾತಿಗೆ ತಾತ ಕೈ ಬೀಸಿದರು, ಅದು ಮಕ್ಕಳದು ಬಿಡು ಅನ್ನೋ ಹಾಗೆ. ಜಮೀನಿನ ಮಾತಿಗೆ ಮಾತ್ರ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದರು, "ಅವಳು ಸತ್ತಳು ಅಂದ್ರ ಅವಳ ಮಕ್ಕಳೂ ನನಗ ಸತ್ತಂಗಾ?"

ಇಲ್ಲ. ತಾತ ಬದುಕಿದ್ದಾರೆ, ದಾರಿ ಇದೆ. ಸ್ವಂತ ದುಡಿಮೆಯ ಆಸ್ತಿಯನ್ನ ಹಿಂದೂ ಒಬ್ಬರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು, ಪೂರ್ತಿ ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ಸಾಕ್ಷಿಗೆ ಮನೆಯವರು ಬೇಡ, ಹೊರಗಿನವರು ಇರಲಿ ಅಂತ ನಾವು ಕೇಳಿದ ವಕೀಲರು ಹೇಳಿದರು. ಮುಸ್ಲಿಂ ಕುಟುಂಬದ ಕೇಳುಗರೇ, ನಿಮ್ಮಲ್ಲೂ ಹೀಗೆ ಬೇರೆ ಧರ್ಮದಲ್ಲಿ ಉಳಿದ ಅಮ್ಮನೋ ತಮ್ಮನೋ ಇದ್ದರೆ, ಮೂರನೇ ಒಂದರವರೆಗಿನ ವಸಿಯ್ಯತ್ ಇದೆ, ಹಿಬಾ ಇದೆ. ಮದುವೆ ಇನ್ನೂ ಆಗಬೇಕಾದವರಿಗೆ 1954ರ ವಿಶೇಷ ವಿವಾಹ ಕಾಯಿದೆ ಇದೆ. ಇಬ್ಬರೂ ತಂತಮ್ಮ ಧರ್ಮದಲ್ಲೇ ಉಳಿದು ಅದರಡಿ ಮದುವೆಯಾದರೆ, ಗಂಡಹೆಂಡಿರ ಆಸ್ತಿಗೆ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯ. ಅದು ಧರ್ಮ ಯಾವುದು ಅಂತ ಕೇಳಿ ಪಾಲು ತಪ್ಪಿಸುವುದಿಲ್ಲ. ಇವೆಲ್ಲ ಬದುಕಿರುವಾಗ ಮಾಡುವ ಕೆಲಸಗಳು. ಸತ್ತ ಮೇಲೆ ಕಾನೂನು ನಮ್ಮ ಪ್ರೀತಿ ಎಷ್ಟಿತ್ತು ಅಂತ ವಿಚಾರಿಸೋಕೆ ಹೋಗಲ್ಲ, ಪಟ್ಟಿ ನೋಡುತ್ತೆ.

ತಾತ ಪಹಣಿ ಎಲ್ಲಿದೆ ನೋಡು ಅಂದರು. ಟ್ರಂಕಿನಲ್ಲಿ ಅತ್ತೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕೆಳಗೆ ಸಿಕ್ಕಿತು.

ಉಯಿಲಿನ ಕರಡು ಈಗ ರೆಡಿ ಇದೆ. ಒಂದೊಂದು ಎಕರೆ, ಮೂರು ಭಾಗ. ಚಿಕ್ಕಪ್ಪ ಸರಿ ಅಂದರು. ನಮ್ಮಪ್ಪ ನನ್ನ ಹತ್ತಿರ ಹನ್ನೊಂದು ದಿನ ಮಾತಾಡಲಿಲ್ಲ. ಹನ್ನೆರಡನೇ ದಿನ ಫೋನ್ ಮಾಡಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ತಾತನನ್ನ ಯಾವ ದಿನ ಕರಕೊಂಡು ಹೋಗ್ತೀಯ ಅಂತ ಕೇಳಿದರು. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅತ್ತೆಯ ಮಗಳಿಗೆ ಈ ಸಂಚಿಕೆಯನ್ನ ಮೊದಲೇ ಕೇಳಿಸಿ, ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ. ಅವಳು ಒಂದು ತಿದ್ದುಪಡಿ ಹೇಳಿದಳು: ತಾತ ಅವತ್ತು ಬಸ್ಸಿನಲ್ಲಿ ಬರಲಿಲ್ಲವಂತೆ, ಹಾಲಿನ ವ್ಯಾನಿನಲ್ಲಿ ಬಂದಿದ್ದರಂತೆ. ಅವಳ ಅಮ್ಮ ಯಾವಾಗಲೂ ಹಾಗೇ ಹೇಳ್ತಿದ್ದರಂತೆ. ಸರಿ, ಹಾಲಿನ ವ್ಯಾನು.

ನಿಮ್ಮ ಮನೆಯಲ್ಲೂ ಇಂಥ ಲೆಕ್ಕ ಬಾಕಿ ಇದ್ದರೆ, ದೊಡ್ಡವರು ಇರುವಾಗಲೇ ಒಂದು ಸಲ ಕೂತು ಮಾತಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.